ಗಡಿ ಎಲ್ಲಿ ಬಂತು? ಬಾಡಿಗೆ ಕಾರಿನಲ್ಲಿ ನಾಲ್ಕು ದೇಶ

ಟೂರ್ ಪ್ಯಾಕೇಜ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಹದಿನೈದು ದಿನಕ್ಕೆ ಒಂಬತ್ತು ದೇಶ, ಬೆಳಿಗ್ಗೆ ಆರಕ್ಕೆಲ್ಲ ಬಸ್ಸು ಹತ್ತು ಅನ್ನುವುದು ನಮ್ಮಿಬ್ಬರಿಗೂ ಆಗಿಬರುವುದಿಲ್ಲ. ನನಗೆ ಗಾಡಿ ಓಡಿಸುವುದೆಂದರೆ ಪ್ರಾಣ. ನಾನು ತೀರ್ಥಹಳ್ಳಿ ಕಡೆಯವನು, ಆಗುಂಬೆ ಘಾಟಿಯ 14 ತಿರುವುಗಳಲ್ಲೇ ಕೈ ಪಳಗಿಸಿಕೊಂಡವನು. ಇವಳು, ನನ್ನ ಹೆಂಡತಿ, ಗಡಿಯಾಚೆ ಕೇರಳದ ಮಂಜೇಶ್ವರದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯಿತಿ ಆಫೀಸಿಗೆ ಹೋದರೆ ಮಲಯಾಳಂ. ಹೀಗೆ ಬೆಳೆದವಳಿಗೆ ಗಡಿ ಎಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತು. ಪ್ಲಾನ್ ಮಾಡುವಾಗ ಇವಳು ಕೇಳಿದ್ದು ಒಂದೇ. "ಒಂದು ದೇಶ ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ರಸ್ತೆಯಲ್ಲೇ ದಾಟಬೇಕು. ವಿಮಾನದಲ್ಲಿ ಅಲ್ಲ."

ಹಾಗಾಗಿ ಮ್ಯೂನಿಕ್‌ವರೆಗೆ ವಿಮಾನ, ಅಲ್ಲಿಂದ ಕಾರು. ಜರ್ಮನಿ, ಆಸ್ಟ್ರಿಯಾ, ಇಟಲಿ, ಸ್ಲೊವೇನಿಯಾ, ಮತ್ತೆ ವಾಪಸ್ ಮ್ಯೂನಿಕ್. ಆರ್‌ಟಿಓದಲ್ಲಿ 1000 ರೂಪಾಯಿ ಕಟ್ಟಿ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ತೆಗೆದುಕೊಂಡೆ. ಅದು ಒಂದು ವರ್ಷಕ್ಕೆ ಆಗುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಆಗುವ ಷೆಂಗೆನ್ ವೀಸಾಕ್ಕೆ ಆಗ ತಲೆಗೆ 80 ಯೂರೋ. ನಾವು ಹೊರಡುವ ಮೂರು ದಿನ ಮುಂಚೆ, 2024ರ ಜೂನ್ 11ಕ್ಕೆ, ಅದು 90 ಆಯಿತು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆಯೂ ಬೇಕೇ ಬೇಕು. ನಾವಿಬ್ಬರೂ ಸಸ್ಯಾಹಾರಿಗಳು. ಚಟ್ನಿಪುಡಿ, ಅವಲಕ್ಕಿ, ಸೋನಾ ಮಸೂರಿ ಅಕ್ಕಿ ಎರಡು ಕೆಜಿ, ಪುಟ್ಟ ರೈಸ್ ಕುಕ್ಕರ್ ಎಲ್ಲ ಕಟ್ಟಿಕೊಂಡೆವು. ತುಪ್ಪ ಮಾತ್ರ ಮನೆಯಲ್ಲೇ ಉಳಿಯಿತು, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಳಗೆ ತರಲು ಯುರೋಪಿಯನ್ ಯೂನಿಯನ್‌ನವರು ಬಿಡುವುದಿಲ್ಲ.

ಜೂನ್ 14, ಶುಕ್ರವಾರ

ಬೆಂಗಳೂರಿನ ಟರ್ಮಿನಲ್ 2ರಿಂದ ನಡುರಾತ್ರಿ ಕಳೆದ ಮೇಲೆ ಹೊರಟೆವು. ಫ್ರಾಂಕ್‌ಫರ್ಟ್‌ಗೆ ಒಂಬತ್ತು ಗಂಟೆಗೂ ಜಾಸ್ತಿ. ಅಲ್ಲಿ ಪಾಸ್‌ಪೋರ್ಟಿಗೆ ಒಂದು ಮುದ್ರೆ ಬಿತ್ತು. ಷೆಂಗೆನ್ ಪ್ರದೇಶಕ್ಕೆ ಕಾಲಿಟ್ಟದ್ದು ಅಲ್ಲೇ ಆದ್ದರಿಂದ ಮುಂದಿನ ನಾಲ್ಕು ದೇಶಕ್ಕೂ ಆ ಒಂದೇ ಮುದ್ರೆ. ಅಲ್ಲಿಂದ ಪುಟ್ಟ ವಿಮಾನದಲ್ಲಿ ಮ್ಯೂನಿಕ್ ತಲುಪಿದೆವು. ನಮ್ಮ ಒಂದು ಬ್ಯಾಗು ತಲುಪಲಿಲ್ಲ. ಬೆಲ್ಟ್ ಸುತ್ತಿ ಸುತ್ತಿ ನಿಂತು ಹೋಯಿತು, ಜನರೆಲ್ಲ ಖಾಲಿಯಾದರು, ನಾವಿಬ್ಬರೇ ಉಳಿದೆವು. ಅಕ್ಕಿ, ಕುಕ್ಕರ್, ಇವಳ ಸ್ವೆಟರ್ ಎಲ್ಲ ಇದ್ದ ಬ್ಯಾಗದು. ಕೌಂಟರಿನಲ್ಲಿ ದೂರು ಬರೆಸಿ, ಹೋಟೆಲಿನ ವಿಳಾಸ ಕೊಟ್ಟು ಹೊರಬಿದ್ದೆವು.

ಊರಿನೊಳಗೆ ಬಂದರೆ ಎಲ್ಲಿ ನೋಡಿದರೂ ಸ್ಕರ್ಟ್ ಉಟ್ಟ ಗಂಡಸರು! ಅವತ್ತು ಯೂರೋ 2024 ಫುಟ್‌ಬಾಲಿನ ಮೊದಲ ಪಂದ್ಯ, ಅದೂ ಮ್ಯೂನಿಕ್‌ನಲ್ಲೇ, ಜರ್ಮನಿಗೂ ಸ್ಕಾಟ್‌ಲೆಂಡಿಗೂ. ಮರಿಯನ್‌ಪ್ಲಾಟ್ಜ್ ಚೌಕದ ತುಂಬ ಕಿಲ್ಟ್ ಉಟ್ಟ ಸ್ಕಾಟ್‌ಲೆಂಡಿನವರು, ಬ್ಯಾಗ್‌ಪೈಪ್ ಊದುತ್ತಾ, ಜರ್ಮನ್ನರ ಹೆಗಲ ಮೇಲೆ ಕೈ ಹಾಕಿ ಹಾಡುತ್ತಾ. ಬ್ಯಾಗಿನ ಚಿಂತೆಯಲ್ಲಿದ್ದ ಇವಳ ಮುಖವೂ ಅರಳಿತು. ರಾತ್ರಿ ಒಂಬತ್ತಕ್ಕೆ ಪಂದ್ಯ ಶುರುವಾದಾಗ ಇನ್ನೂ ಬೆಳಕಿತ್ತು. ಜರ್ಮನಿ 5-1ರಿಂದ ಗೆದ್ದಿತು. ಸೋತವರು ಆಮೇಲೂ ಹಾಡುತ್ತಲೇ ಇದ್ದರು, ನಮ್ಮ ಹೋಟೆಲಿನ ಕಿಟಕಿಗೆ ಅದು ತುಂಬ ಹೊತ್ತು ಕೇಳಿಸುತ್ತಿತ್ತು.

ಜೂನ್ 15, ಶನಿವಾರ

ಹನ್ನೊಂದು ಗಂಟೆಗೆ ಬ್ಯಾಗು ಹೋಟೆಲಿಗೇ ಬಂತು. ಇವಳು ಮೊದಲು ತೆಗೆದು ನೋಡಿದ್ದು ಕುಕ್ಕರ್.

ಮಧ್ಯಾಹ್ನ ಕಾರು ತೆಗೆದುಕೊಂಡೆವು. ಯಾವ ಯಾವ ದೇಶಕ್ಕೆ ಹೋಗುತ್ತೀರಿ ಅಂತ ಕೇಳಿ ಕಾಗದದಲ್ಲಿ ಬರೆದುಕೊಳ್ಳುತ್ತಾರೆ, ಅದನ್ನು ಮುಚ್ಚಿಡಬಾರದು, ಹೇಳದೆ ಗಡಿ ದಾಟಿದರೆ ವಿಮೆಗೆ ತೊಂದರೆಯಾಗಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಡಿಪಾಸಿಟ್ ಹಿಡಿದಿಡುತ್ತಾರೆ. ಆಟೋಮ್ಯಾಟಿಕ್ ಗಾಡಿಯೇ ಬೇಕು ಅಂತ ಮೊದಲೇ ಬುಕ್ ಮಾಡಿದ್ದೆ, ಮೊದಲ ಸಲ ಬಲಗಡೆ ಓಡಿಸುವವರಿಗೆ ಬಲಗೈಯಲ್ಲಿ ಗೇರ್ ಹಾಕುವ ಕೆಲಸ ಒಂದಾದರೂ ಕಡಿಮೆಯಾಗಲಿ ಅಂತ. ಸ್ಟೇರಿಂಗ್ ಎಡಕ್ಕೆ. ಇಂಡಿಕೇಟರ್ ಕಡ್ಡಿ ಎಡಗೈಗೆ, ವೈಪರ್ ಬಲಗೈಗೆ. ನಮ್ಮ ಕಾರಿಗೆ ಪೂರ್ತಿ ತಿರುವುಮುರುವು. ಮೊದಲ ಅರ್ಧ ಗಂಟೆ ಪ್ರತಿ ಸಿಗ್ನಲಿನಲ್ಲೂ ಇವಳು "ಬಲಕ್ಕೆ, ಬಲಕ್ಕೆ" ಅಂತ ಮೆಲ್ಲಗೆ ಹೇಳುತ್ತಲೇ ಇದ್ದಳು. ಆ ದನಿ ಇಲ್ಲದಿದ್ದರೆ ನಾನು ಎರಡು ಕಡೆ ಖಂಡಿತ ಎಡಕ್ಕೆ ಸೇರಿಕೊಳ್ಳುತ್ತಿದ್ದೆ.

ಆಟೋಬಾನ್‌ನಲ್ಲಿ ವೇಗಕ್ಕೆ ಮಿತಿಯೇ ಇಲ್ಲ ಅಂತ ಕೇಳಿರುತ್ತೀರಿ. ಮಿತಿ ಇಲ್ಲದ ಭಾಗಗಳು ಇವೆ, ಆದರೆ ಬೋರ್ಡ್ ಹಾಕಿ ಮಿತಿ ಹೇಳಿದ ಭಾಗಗಳೂ ಬೇಕಾದಷ್ಟಿವೆ. ಮಿತಿ ಇಲ್ಲದಲ್ಲೂ 130 ಸಾಕು ಅನ್ನುವುದು ಅಲ್ಲಿನ ಸಲಹೆ. ನಾನು 110ರಲ್ಲಿ ಬಲಗಡೆಯ ಲೇನಿನಲ್ಲಿ ಹೋಗುತ್ತಿದ್ದೆ. ಎಡಗಡೆ ಲೇನು ಹಿಂದೆ ಹಾಕುವವರಿಗೆ ಮಾತ್ರ. ಹಿಂದೆ ಹಾಕಿದ ಕೂಡಲೇ ವಾಪಸ್ ಬಲಕ್ಕೆ ಬರುತ್ತಾರೆ. ಯಾರೂ ಹಾರ್ನ್ ಹೊಡೆಯುವುದಿಲ್ಲ.

ಒಂದು ಕಡೆ ಟ್ರಾಫಿಕ್ ನಿಧಾನವಾಯಿತು. ಗಾಡಿಗಳು ಇನ್ನೂ ಪೂರ್ತಿ ನಿಂತಿರಲಿಲ್ಲ, ಅಷ್ಟರಲ್ಲೇ ಎಡ ಲೇನಿನವರೆಲ್ಲ ಎಡ ಅಂಚಿಗೆ, ಬಲ ಲೇನಿನವರೆಲ್ಲ ಬಲ ಅಂಚಿಗೆ ಸರಿದರು. ನಡುವೆ ಒಂದು ದಾರಿ ತೆರೆದುಕೊಂಡಿತು, ಬೈತಲೆ ತೆಗೆದ ಹಾಗೆ. ನಾನೂ ನೋಡಿ ಸರಿದೆ. ಎರಡು ನಿಮಿಷಕ್ಕೆ ಆಂಬುಲೆನ್ಸ್ ಆ ದಾರಿಯಲ್ಲಿ ಒಂದು ಸಲವೂ ಬ್ರೇಕ್ ಹಾಕದೆ ಹೋಯಿತು. ಇದಕ್ಕೆ ಜರ್ಮನ್‌ನಲ್ಲಿ ರೆಟ್ಟುಂಗ್ಸ್‌ಗಾಸೆ ಅನ್ನುತ್ತಾರೆ, ಜೀವ ಉಳಿಸುವ ಓಣಿ. ಸೈರನ್ ಕೇಳಿದ ಮೇಲೆ ಸರಿಯುವುದಲ್ಲ, ಗಾಡಿ ನಿಧಾನವಾದಾಗಲೇ ಸರಿದಿರಬೇಕು, ಅದು ಕಾನೂನು. ಇಡೀ ಪ್ರವಾಸದಲ್ಲಿ ನಾನು ಅರಮನೆ ನೋಡಿದೆ, ಹಿಮದ ಬೆಟ್ಟ ನೋಡಿದೆ. ಆದರೆ ಊರಿಗೆ ಬಂದ ಮೇಲೆ ಎಲ್ಲರಿಗೂ ಮೊದಲು ಹೇಳಿದ್ದು ಈ ಓಣಿಯ ವಿಷಯ.

ರಾತ್ರಿ ಫ್ಯೂಸೆನ್‌ನಲ್ಲಿ ತಂಗಿದೆವು.

ಜೂನ್ 16, ಭಾನುವಾರ

ಬೆಳಿಗ್ಗೆಯೇ ನಾಯ್‌ಶ್ವಾನ್‌ಸ್ಟೈನ್ ಕೋಟೆ. ಟಿಕೆಟ್ಟಿನಲ್ಲಿ ಸಮಯ ಅಚ್ಚಾಗಿರುತ್ತದೆ, ಆ ನಿಮಿಷಕ್ಕೆ ಬಾಗಿಲಲ್ಲಿರಬೇಕು, ಕೆಳಗಿನ ಹಳ್ಳಿಯಿಂದ ಮೇಲಕ್ಕೆ ಅರ್ಧ ಗಂಟೆಗೂ ಮಿಕ್ಕಿ ಏರು. ಬವೇರಿಯಾದ ರಾಜ ಎರಡನೇ ಲುಡ್ವಿಗ್ 1869ರಲ್ಲಿ ಇದನ್ನು ಕಟ್ಟಿಸಲು ಶುರು ಮಾಡಿದ. ಮುಗಿಯುವ ಮೊದಲೇ 1886ರ ಜೂನ್ 13ರಂದು ಕೆರೆಯೊಂದರಲ್ಲಿ ಅವನ ಹೆಣ ಸಿಕ್ಕಿತು, ಜೊತೆಗೆ ಅವನ ವೈದ್ಯನದೂ. ಅಷ್ಟು ಆಸೆಪಟ್ಟು ಕಟ್ಟಿಸಿದ ಮನೆಯಲ್ಲಿ ಅವನು ಇದ್ದದ್ದು ಒಟ್ಟು 172 ದಿನ. ಸತ್ತ ಕೆಲವೇ ವಾರಕ್ಕೆ ಟಿಕೆಟ್ ಇಟ್ಟು ಜನರಿಗೆ ತೋರಿಸಲು ಶುರು ಮಾಡಿದರು. ಒಳಗೆ ಫೋಟೋ ತೆಗೆಯುವಂತಿಲ್ಲ, ಅರ್ಧ ಗಂಟೆಯಲ್ಲಿ ಹೊರಗೆ ಬಂದಾಯಿತು. ನನಗೆ ಹೊರಗಿನ ನೋಟವೇ ಜಾಸ್ತಿ ಹಿಡಿಸಿತು. ಕಮರಿಯ ಮೇಲಿನ ಮರಿಯನ್‌ಬ್ರ್ಯೂಕೆ ಸೇತುವೆಯಿಂದ ನೋಡಿದರೆ ಬಿಳಿ ಗೋಪುರಗಳ ಹಿಂದೆ ಹಸಿರು ಬಯಲು, ಕೆರೆಗಳು.

ಮಧ್ಯಾಹ್ನ ದಕ್ಷಿಣಕ್ಕೆ ಹೊರಟೆವು. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಚೀಟಿ ಬೇಕು. ಹತ್ತು ದಿನಕ್ಕೆ 11.50 ಯೂರೋ ಕೊಟ್ಟು ಪೆಟ್ರೋಲ್ ಬಂಕಿನಲ್ಲಿ ತೆಗೆದುಕೊಂಡು ಗಾಜಿಗೆ ಅಂಟಿಸಿದೆ. ಜರ್ಮನಿಯಲ್ಲಿ ಪೆಟ್ರೋಲ್ ಲೀಟರಿಗೆ 1.80 ಯೂರೋ ಆಸುಪಾಸು ಇತ್ತು, ಆಸ್ಟ್ರಿಯಾದಲ್ಲಿ ಸ್ವಲ್ಪ ಅಗ್ಗ. ನಾವೇ ತುಂಬಿಸಿಕೊಂಡು ಒಳಗೆ ಹೋಗಿ ಪಂಪ್ ನಂಬರ್ ಹೇಳಿ ದುಡ್ಡು ಕೊಡುವುದು. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬಂಕು ಬಿಟ್ಟರೆ ಏನೂ ಸಿಗಲಿಲ್ಲ. ಅವಲಕ್ಕಿ ಕೈಹಿಡಿಯಿತು.

ಫೆರ್ನ್‌ಪಾಸ್ ಘಾಟಿ ಹತ್ತಿ ಇಳಿದು, ಇನ್ಸ್‌ಬ್ರುಕ್‌ನಲ್ಲಿ ಒಂದು ಕಾಫಿ ಕುಡಿದು, ಬ್ರೆನ್ನರ್ ಕಡೆಗೆ ತಿರುಗಿದೆವು. ದಾರಿಯಲ್ಲಿ ಯುರೋಪಾಬ್ರ್ಯೂಕೆ ಸಿಗುತ್ತದೆ. 1963ರ ಸೇತುವೆ, ಕಣಿವೆಯಿಂದ ಸುಮಾರು 190 ಮೀಟರ್ ಎತ್ತರ. ಮೇಲಿರುವವರಿಗೆ ಆ ಎತ್ತರ ತಿಳಿಯುವುದೇ ಇಲ್ಲ, ಹೆದ್ದಾರಿ ಹಾಗೇ ಮುಂದುವರಿಯುತ್ತದೆ.

ಬ್ರೆನ್ನರ್ 1370 ಮೀಟರ್ ಎತ್ತರದ ಕಣಿವೆ ದಾರಿ. ಇವಳು ಮೊಬೈಲ್ ಹಿಡಿದು ರೆಡಿಯಾಗಿ ಕೂತಿದ್ದಳು, ಗಡಿ ಬಂದರೆ ವೀಡಿಯೋ ಮಾಡಬೇಕು ಅಂತ. ಲಾರಿಗಳ ಸಾಲು, ಹಳೆ ಕಟ್ಟಡಗಳು, ಒಂದು ನೀಲಿ ಬೋರ್ಡು, ಹನ್ನೆರಡು ನಕ್ಷತ್ರಗಳ ನಡುವೆ 'ಇಟಾಲಿಯಾ'. ಅಷ್ಟೇ. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯುವ ಪ್ರಸಂಗವೇ ಬರಲಿಲ್ಲ. "ಗಡಿ ಎಲ್ಲಿ ಬಂತು?" ಅಂದಳು. "ಆಗಲೇ ಹೋಯ್ತು" ಅಂದೆ. ಇಲ್ಲಿದ್ದ ಅಡ್ಡಗಂಬವನ್ನು 1998ರಲ್ಲಿ ತೆಗೆದಿದ್ದಾರೆ.

ಅವಳು ತುಂಬ ಹೊತ್ತು ಮಾತಾಡಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕಾಸರಗೋಡು ಕಡೆಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದ್ದು ನಿಮಗೂ ನೆನಪಿರಬಹುದು. ಆಗ ಇವಳು ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಅಮ್ಮ ಮಂಜೇಶ್ವರದಲ್ಲಿ ಒಬ್ಬರೇ, ಅರ್ಧ ಗಂಟೆಯ ದಾರಿ. ಹುಟ್ಟಿದಾಗಿನಿಂದ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಅಂತ ದಿನಾ ದಾಟಿದ ತಲಪಾಡಿ ಅದು. ಗಡಿ ಅಂತ ಒಂದು ಇದೆ ಅಂತ ಅವಳಿಗೆ ಮೊದಲ ಸಲ ಅನ್ನಿಸಿದ್ದು ಆಗ. ತುಂಬ ದಿನ ಅಮ್ಮನನ್ನು ನೋಡಲು ಆಗಲಿಲ್ಲ. ಈಗ ಎರಡು ದೇಶದ ನಡುವೆ ನೂರು ಕಿಲೋಮೀಟರ್ ವೇಗದಲ್ಲಿ ದಾಟಿಬಿಟ್ಟೆವು. ಬೊಲ್ಜಾನೊ ಟೋಲ್ ಗೇಟ್ ಬರುವವರೆಗೂ ಅವಳು ಕಿಟಕಿ ಕಡೆಗೇ ನೋಡುತ್ತಿದ್ದಳು.

ಜೂನ್ 17, ಸೋಮವಾರ

ಬೊಲ್ಜಾನೊದ ಮ್ಯೂಸಿಯಂಗೆ ಸೋಮವಾರ ರಜೆ. ಹಾಗಾಗಿ ಅದನ್ನು ನಾಳೆಗಿಟ್ಟು ಗಾರ್ಡೆನಾ ಕಣಿವೆಗೆ ಹೊರಟೆವು. ಇಟಲಿಯ ಊರುಗಳಲ್ಲಿ ಹಳೇ ಪೇಟೆಯ ಸುತ್ತ ಝಡ್‌ಟಿಎಲ್ ಅನ್ನುವ ವಲಯ ಇರುತ್ತದೆ. ಹೊರಗಿನ ಗಾಡಿ ಒಳಗೆ ಹೋದರೆ ಕ್ಯಾಮೆರಾ ಫೋಟೋ ತೆಗೆದು ದಂಡ ಮನೆಗೇ ಬರುತ್ತದೆ. ಅದಕ್ಕೇ ಊರ ಹೊರಗಿನ ಹೋಟೆಲು ಹಿಡಿದಿದ್ದೆವು. ಕಾರಿನಲ್ಲಿ ಹೋಗುವವರು ಇದೊಂದನ್ನು ಮರೆಯಬೇಡಿ.

ಇದು ದಕ್ಷಿಣ ಟಿರೋಲ್. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ ಕೈಯಲ್ಲಿತ್ತು, ಆಮೇಲೆ ಇಟಲಿಗೆ ಸೇರಿತು. ಜನ ಈಗಲೂ ಜಾಸ್ತಿ ಜರ್ಮನ್ ಮಾತಾಡುತ್ತಾರೆ. ಊರಿನ ಬೋರ್ಡುಗಳಲ್ಲಿ ಎರಡು ಹೆಸರು. ಗಾರ್ಡೆನಾ ಕಣಿವೆಗೆ ಹೋದರೆ ಮೂರು ಹೆಸರು! ಇಟಾಲಿಯನ್‌ನಲ್ಲಿ ಓರ್ತಿಸೆಯಿ, ಜರ್ಮನ್‌ನಲ್ಲಿ ಸಾಂಕ್ಟ್ ಉಲ್ರಿಚ್, ಲದೀನ್ ಭಾಷೆಯಲ್ಲಿ ಉರ್ತಿಯೆಯಿ. ಲದೀನ್ ಲ್ಯಾಟಿನ್‌ನಿಂದ ಬಂದ ಹಳೇ ಭಾಷೆ. ಈ ಬೆಟ್ಟಗಳ ಐದಾರು ಕಣಿವೆಗಳಲ್ಲಿ ಮೂವತ್ತು ಸಾವಿರದಷ್ಟು ಜನ ಆಡುತ್ತಾರೆ. ಇವಳು ಬೋರ್ಡಿನ ಮುಂದೆ ಗಾಡಿ ನಿಲ್ಲಿಸಲು ಹೇಳಿ ಇಳಿದಳು. ಅದನ್ನು ಮುಟ್ಟಿ ನೋಡಿದಳು. "ಇದು ನಮ್ಮೂರೇ ಅಲ್ವಾ" ಅಂದಳು. ಮಲಯಾಳಂ, ಕನ್ನಡ, ನಡುವೆ ಬೋರ್ಡಿಗೆ ಬರದ ತುಳು. ಇಲ್ಲಿ ತುಳುವೂ ಬೋರ್ಡಿಗೆ ಬಂದುಬಿಟ್ಟಿದೆ, ಅದು ಅವಳ ಕಣ್ಣಿಗೆ ಬಿದ್ದದ್ದು.

ಈ ಊರು ಮರದ ಕೆತ್ತನೆಗೆ ಹೆಸರಾದದ್ದು. ಒಂದು ಕೆತ್ತನೆ ಅಂಗಡಿಯ ಹೆಂಗಸಿನ ಹತ್ತಿರ ಇವಳು ಅರ್ಧ ಗಂಟೆ ಮಾತಾಡಿದಳು. ಮಕ್ಕಳಿಗೆ ಶಾಲೆಯಲ್ಲಿ ಯಾವ ಭಾಷೆ ಅಂತ ಕೇಳಿದ್ದಕ್ಕೆ ಆಕೆ, ಅರ್ಧ ಪಾಠ ಜರ್ಮನ್‌ನಲ್ಲಿ, ಅರ್ಧ ಇಟಾಲಿಯನ್‌ನಲ್ಲಿ, ಜೊತೆಗೆ ಲದೀನ್ ಕ್ಲಾಸು ಅಂದಳು. ಮನೆಯಲ್ಲಿ? ಲದೀನ್ ಮಾತ್ರ. ಆಕೆ ಅದನ್ನು ಹೇಳುವಾಗ ಎದೆಯ ಮೇಲೆ ಕೈ ಇಟ್ಟುಕೊಂಡಳು.

ಆಮೇಲೆ ಕೇಬಲ್ ಕಾರಿನಲ್ಲಿ ಸೆಚೆಡಾಗೆ ಹೋದೆವು, ಸುಮಾರು 2500 ಮೀಟರ್. ಒಂದು ಕಡೆ ಹುಲ್ಲಿನ ಇಳಿಜಾರು ಹಾಸಿದ ಹಾಗೆ, ಇನ್ನೊಂದು ಕಡೆ ಬೆಟ್ಟ ಕತ್ತರಿಸಿ ಹಾಕಿದ ಹಾಗೆ ಪಾತಾಳ. ಕೊಡಚಾದ್ರಿಯ ಸರ್ವಜ್ಞ ಪೀಠದ ಹತ್ತಿರ ನಿಂತಾಗ ಹೊಟ್ಟೆಯಲ್ಲಿ ಆಗುವ ಆ ಖಾಲಿ ಅನುಭವ ಇಲ್ಲೂ ಆಯಿತು. ಅಲ್ಲೇ ಹುಲ್ಲಿನ ಮೇಲೆ ಕೂತು ಬೆಳಿಗ್ಗೆ ಕಲಸಿ ತಂದ ಮೊಸರನ್ನ ತಿಂದೆವು. ಅಲ್ಲಿನ ಮೊಸರು ನಮ್ಮದರಷ್ಟು ಹುಳಿ ಇರುವುದಿಲ್ಲ, ಗಟ್ಟಿ ಇರುತ್ತದೆ, ಸ್ವಲ್ಪ ನೀರು ಹಾಕಿ ಕಲಸಬೇಕು.

ಜೂನ್ 18, ಮಂಗಳವಾರ

ಬೆಳಿಗ್ಗೆ ಬೊಲ್ಜಾನೊ ಮ್ಯೂಸಿಯಂನಲ್ಲಿ ಓಟ್ಸಿ ಅಂತ ಹೆಸರಿಟ್ಟ ಹಳೇ ಕಾಲದ ಮನುಷ್ಯನ ಹೆಣ ನೋಡಿದೆವು. 1991ರ ಸೆಪ್ಟೆಂಬರ್ 19ರಂದು ಬೆಟ್ಟ ಹತ್ತುವ ಜರ್ಮನ್ ದಂಪತಿಗೆ 3210 ಮೀಟರ್ ಎತ್ತರದಲ್ಲಿ, ಕರಗುತ್ತಿದ್ದ ಹಿಮದಲ್ಲಿ ಒಂದು ಹೆಣ ಕಂಡಿತು. ಇತ್ತೀಚೆಗೆ ಸತ್ತವನಿರಬೇಕು ಅಂದುಕೊಂಡರು. ನೋಡಿದರೆ 5000 ವರ್ಷಕ್ಕೂ ಹಿಂದಿನವನು. ಮೈ ಮೇಲೆ 61 ಹಚ್ಚೆ, ಜೊತೆಗೆ ತಾಮ್ರದ ಕೊಡಲಿ. ಹತ್ತು ವರ್ಷದ ಮೇಲೆ ಎಕ್ಸ್‌ರೇಯಲ್ಲಿ ಎಡ ಭುಜದೊಳಗೆ ಬಾಣದ ಮೊನೆ ಕಂಡಿತು. ಯಾರೋ ಹಿಂದಿನಿಂದ ಹೊಡೆದು ಕೊಂದಿದ್ದರು. ಮ್ಯೂಸಿಯಂನಲ್ಲಿ ಸೊನ್ನೆಗಿಂತ ಆರು ಡಿಗ್ರಿ ಕಡಿಮೆಯ ಕೋಣೆಯಲ್ಲಿ ಇಟ್ಟಿದ್ದಾರೆ, ಪುಟ್ಟ ಕಿಟಕಿಯಲ್ಲಿ ಇಣುಕಬೇಕು. ಕಂದು ಬಣ್ಣ, ಮೈಮೇಲೆ ತೆಳು ಮಂಜಿನ ಹೊಳಪು. ಎಡಗೈ ಕುತ್ತಿಗೆಯ ಕೆಳಗೆ ಅಡ್ಡ ಚಾಚಿದೆ. ಅವನನ್ನು ನೋಡುವಾಗ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಹೆಣ ಸಿಕ್ಕ ಜಾಗ ಗಡಿಯಲ್ಲೇ. ಮೊದಲು ಆಸ್ಟ್ರಿಯಾದವರು ತಮ್ಮದು ಅಂದುಕೊಂಡು ಇನ್ಸ್‌ಬ್ರುಕ್‌ಗೆ ಒಯ್ದರು. ಆಮೇಲೆ ಗಡಿ ಅಳೆದು ನೋಡಿದರೆ ಇಟಲಿಯ ಒಳಗೆ 92.56 ಮೀಟರ್! ಅವನು ಬದುಕಿದ್ದಾಗ ಇಟಲಿಯೂ ಇರಲಿಲ್ಲ, ಆಸ್ಟ್ರಿಯಾವೂ ಇರಲಿಲ್ಲ. ಇವಳು ಆ ಅಂಕಿಯನ್ನು ಡೈರಿಯಲ್ಲಿ ಬರೆದುಕೊಂಡಳು.

ಮಧ್ಯಾಹ್ನ ಡಾಲೊಮೈಟ್ಸ್ ಬೆಟ್ಟಗಳ ಮಹಾಮಾರ್ಗ. ಬೊಲ್ಜಾನೊದಿಂದ ಕೊರ್ತಿನಾವರೆಗೆ 1909ರಲ್ಲಿ ತೆರೆದ ರಸ್ತೆ. ನಾನು ಇಷ್ಟು ದೂರ ಬಂದದ್ದೇ ಇದಕ್ಕೆ ಅಂದರೂ ಸರಿ. ಕರೆಝಾ ಕೆರೆ ದಾಟಿ, ಕನಝೆಯಿ ಊರು ದಾಟಿ ಪೊರ್ದೊಯಿ ಘಾಟಿ ಹತ್ತಿದೆ. 2239 ಮೀಟರ್. ಆಚೆ ಅರಬ್ಬಾ ಕಡೆಗೆ ಇಳಿಯುವಾಗ 33 ತಿರುವು. ಪ್ರತಿ ತಿರುವಿನಲ್ಲಿ 'ತೊರ್ನಾಂತೆ' ಅಂತ ಬರೆದು ನಂಬರ್ ಹಾಕಿದ್ದಾರೆ. ಆಗುಂಬೆಯಲ್ಲಿ ಕಲಿತದ್ದೆಲ್ಲ ಇಲ್ಲಿ ಕೆಲಸಕ್ಕೆ ಬಂತು. ತಿರುವಿಗೆ ಮೊದಲೇ ಗೇರ್ ಇಳಿಸು, ತಿರುವಿನಲ್ಲಿ ಬ್ರೇಕ್ ತುಳಿಯಬೇಡ, ಹತ್ತುವವರಿಗೆ ದಾರಿ ಬಿಡು. ಆಟೋಮ್ಯಾಟಿಕ್ ಗಾಡಿಯನ್ನೂ ಮ್ಯಾನ್ಯುಯಲ್ ಮೋಡಿಗೆ ಹಾಕಿಕೊಂಡು ಎರಡನೇ ಗೇರಿನಲ್ಲೇ ಇಳಿಸಿದೆ. ಆದರೆ ಆಗುಂಬೆಯಲ್ಲಿ ಕಾಡು ಮೈಮೇಲೆ ಬರುತ್ತದೆ, ಪ್ರತಿ ತಿರುವಿನಲ್ಲೂ ಮಂಜು, ಹಸಿರು, ಜೀರುಂಡೆ ಸದ್ದು. ಇಲ್ಲಿ ಮರಗಳೆಲ್ಲ ಕೆಳಗೇ ಉಳಿದುಬಿಟ್ಟಿವೆ. ಮೇಲೆ ಬರೀ ಬೂದು ಕಲ್ಲಿನ ಗೋಡೆ, ಆಕಾಶ. ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಸೈಕಲ್ಲಿನವರು. ಅರವತ್ತು ದಾಟಿದವರೂ ಆ ಏರನ್ನು ತುಳಿದುಕೊಂಡು ಬರುತ್ತಿದ್ದರು, ಅವರನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಟ್ಟು, ಎದುರು ಗಾಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಿಧಾನಕ್ಕೆ ಹೋದೆ.

ಫಾಲ್ಜರೆಗೊ ಘಾಟಿಯಲ್ಲಿ ನಿಲ್ಲಿಸಿದೆವು. ಮೇಲಿನ ಲಾಗಝುವೊಯಿ ಬೆಟ್ಟದೊಳಗೆ 1915ರಿಂದ 1917ರವರೆಗೆ ಇಟಲಿಯವರೂ ಆಸ್ಟ್ರಿಯಾದವರೂ ಸುರಂಗ ಕೊರೆದು, ಒಬ್ಬರ ಕಾಲ ಕೆಳಗೆ ಇನ್ನೊಬ್ಬರು ಸಿಡಿಮದ್ದು ಇಟ್ಟು ಬೆಟ್ಟವನ್ನೇ ಸ್ಫೋಟಿಸಿದ್ದರು. ಸ್ಫೋಟದಲ್ಲಿ ಉರುಳಿದ ಕಲ್ಲುರಾಶಿ ಈಗಲೂ ಹಾಗೇ ಬಿದ್ದಿದೆ. ಅದರ ಎದುರು ಬೆಂಚಿನಲ್ಲಿ ಜನ ಕಾಫಿ ಕುಡಿಯುತ್ತಿದ್ದರು. ನಾವೂ ಕುಡಿದೆವು.

ಸಂಜೆ ಕೊರ್ತಿನಾದಲ್ಲಿ ಬಂಡೆಗಳು ಗುಲಾಬಿಯಾದವು, ಆಮೇಲೆ ಕೆಂಪು. ಲದೀನರು ಇದನ್ನು 'ಎನ್ರೊಸಾದಿರಾ' ಅನ್ನುತ್ತಾರೆ. ಹತ್ತು ನಿಮಿಷ ಇದ್ದು ಹೋಯಿತು.

ಜೂನ್ 19, ಬುಧವಾರ

ಗಾಡಿಯಲ್ಲೇ ಕಳೆದ ದಿನ. ಕೊರ್ತಿನಾದಿಂದ ಮತ್ತೆ ಆಸ್ಟ್ರಿಯಾಗೆ ದಾಟಿ, ಲೀಂಜ್, ಫಿಲಾಖ್. ಸ್ಲೊವೇನಿಯಾದ ವಿನ್ಯೆಟ್ ಅಂಟಿಸುವುದಲ್ಲ, ಆನ್‌ಲೈನಿನಲ್ಲಿ ಗಾಡಿ ನಂಬರಿಗೆ ಕಟ್ಟುವುದು, ಆಗ ವಾರಕ್ಕೆ 16 ಯೂರೋ ಇತ್ತು. ಕರವಾಂಕೆನ್ ಸುರಂಗ ಎಂಟು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಅದಕ್ಕೆ ಬೇರೆ ಟೋಲ್. ಗಡಿ ಇರುವುದು ಸುರಂಗದ ಒಳಗೆ, ಬೆಟ್ಟದ ಹೊಟ್ಟೆಯಲ್ಲಿ. ಇವಳು ಈ ಸಲ ತಪ್ಪಿಸಿಕೊಳ್ಳಲಿಲ್ಲ. ಗೋಡೆಯ ಮೇಲಿನ ಗುರುತು ಕಂಡ ಕೂಡಲೇ "ಬಂತು!" ಅಂತ ಕೂಗಿದಳು.

ಬ್ಲೆಡ್ ತಲುಪಿದಾಗ ಸಂಜೆ. ಕೆರೆ, ಕೆರೆಯ ನಡುವೆ ದ್ವೀಪ, ದ್ವೀಪದಲ್ಲಿ ಚರ್ಚು, ಬಂಡೆಯ ನೆತ್ತಿಯಲ್ಲಿ ಕೋಟೆ. ಫೋಟೋದಲ್ಲಿ ನೋಡಿ ನೋಡಿ ಹಳತಾಗಿರುತ್ತದೆ ಅಂದುಕೊಂಡಿದ್ದೆ. ನಿಜವಾಗಿ ಎದುರಿಗೆ ನಿಂತಾಗ ನೀರಿನ ವಾಸನೆ, ಗಂಟೆಯ ಸದ್ದು ಎಲ್ಲ ಸೇರಿ ಬೇರೆಯೇ ಆಯಿತು.

ಜೂನ್ 20, ಗುರುವಾರ

ಪ್ಲೆತ್ನಾ ಅನ್ನುವ ದೋಣಿಯಲ್ಲಿ ದ್ವೀಪಕ್ಕೆ ಹೋದೆವು. ಅಂಬಿಗ ನಿಂತುಕೊಂಡೇ ಹುಟ್ಟು ಹಾಕುತ್ತಾನೆ. ಮೇಲಕ್ಕೆ 99 ಮೆಟ್ಟಿಲು. ಅಲ್ಲಿ ಮದುವೆಯಾಗುವ ಗಂಡು ಹೆಣ್ಣನ್ನು ಎತ್ತಿಕೊಂಡು ಹತ್ತಬೇಕಂತೆ, ಹೆಣ್ಣು ಅಷ್ಟೂ ಹೊತ್ತು ಮಾತಾಡಬಾರದಂತೆ. ನಾವು ಕೈ ಹಿಡಿದುಕೊಂಡು ಹತ್ತಿದೆವು. ಇವಳು ಕನ್ನಡದಲ್ಲಿ ಮೆಟ್ಟಿಲು ಎಣಿಸುತ್ತಾ ಬಂದಳು. ಚರ್ಚಿನೊಳಗೆ ಹಗ್ಗ ಎಳೆದು ಗಂಟೆ ಬಾರಿಸಿ ಬೇಡಿಕೊಂಡಳು, ಏನು ಅಂತ ನಾನು ಕೇಳಲಿಲ್ಲ.

ಮಧ್ಯಾಹ್ನ ಲ್ಯುಬ್ಲ್ಯಾನಾಕ್ಕೆ ಬಂದೆವು. ಊರಿನ ನಡುಭಾಗಕ್ಕೆ ಕಾರು ಬಿಡುವುದಿಲ್ಲ, ಹೊರಗೆ ನಿಲ್ಲಿಸಿ ನಡೆಯಬೇಕು. ಎಷ್ಟು ಆರಾಮ ಅನ್ನಿಸುತ್ತೆ! ನದಿಯ ಮೇಲೆ ಒಂದರ ಪಕ್ಕ ಒಂದು ಮೂರು ಸೇತುವೆ. ನಡುವಿನದು ಹಳೆಯದು, ಅಕ್ಕಪಕ್ಕದ ಎರಡನ್ನು ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್ ಆಮೇಲೆ ಸೇರಿಸಿದ್ದು. ಹಳೆಯದನ್ನು ಕೆಡವದೆ ಹೊಸದಕ್ಕೆ ಜಾಗ ಮಾಡಿದ ರೀತಿ ನನಗೆ ತುಂಬ ಹಿಡಿಸಿತು.

ಅವತ್ತು ಮೂರು ಗಂಟೆಗೆ ಮ್ಯೂನಿಕ್‌ನಲ್ಲಿ ಸ್ಲೊವೇನಿಯಾ-ಸರ್ಬಿಯಾ ಪಂದ್ಯ. 1991ರವರೆಗೆ ಎರಡೂ ಒಂದೇ ದೇಶ, ಯುಗೊಸ್ಲಾವಿಯಾದ ಭಾಗವಾಗಿದ್ದವು. ನದಿ ದಂಡೆಯ ಕೆಫೆಯಲ್ಲಿ ಟಿವಿ ಮುಂದೆ ನಮಗೂ ಕುರ್ಚಿ ಮಾಡಿಕೊಟ್ಟರು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಎಲ್ಲಿಂದ ಬಂದಿರಿ ಅಂತ ಕೇಳಿ, ನಮ್ಮಿಬ್ಬರಿಗೆ ಒಂದು ವಾಕ್ಯ ಕಲಿಸಿದಳು. "ಮಿದ್ವಾ ಸ್ವಾ ಇಸ್ ಇಂದಿಯೆ." ನಾವಿಬ್ಬರು ಇಂಡಿಯಾದವರು ಅಂತ. ಅವರ ಭಾಷೆಯಲ್ಲಿ ಏಕವಚನ, ಬಹುವಚನದ ನಡುವೆ ಇಬ್ಬರಿಗಾಗಿಯೇ ದ್ವಿವಚನ ಇದೆ, ಸಂಸ್ಕೃತದಲ್ಲಿರುವ ಹಾಗೆ. ಆದರೆ ಇದು ದಿನಾ ಅಡುಗೆ ಮನೆಯಲ್ಲಿ ಆಡುವ ಭಾಷೆ. 'ಮಿದ್ವಾ' ಎಂದರೆ ನಾವಿಬ್ಬರೇ, ಮೂರನೆಯವರು ಇಲ್ಲ. ಆ ಹುಡುಗಿ ಅದನ್ನು ನಮಗೆ ಹೇಳಿಕೊಡುವಾಗ ಬೆರಳಿನಲ್ಲಿ ನನ್ನನ್ನೂ ಇವಳನ್ನೂ ತೋರಿಸಿ ಗೆರೆ ಎಳೆದಳು. ಇವಳು ನಾಚಿಕೊಂಡಳು.

69ನೇ ನಿಮಿಷಕ್ಕೆ ಕರ್ನಿಚ್ನಿಕ್ ಗೋಲು ಹೊಡೆದಾಗ ಇಡೀ ದಂಡೆ ಎದ್ದು ನಿಂತಿತು. ಗುರುತು ಪರಿಚಯ ಇಲ್ಲದವರು ನಮ್ಮನ್ನು ಅಪ್ಪಿಕೊಂಡರು. ಗೆದ್ದೇ ಬಿಟ್ಟರು ಅನ್ನುವಾಗ, 95ನೇ ನಿಮಿಷದಲ್ಲಿ ಯೊವಿಚ್ ತಲೆಯಲ್ಲಿ ಹೊಡೆದು ಸಮ ಮಾಡಿದ. ಎಲ್ಲರೂ ಕುಸಿದು ಕೂತರು. ಆ ಹುಡುಗಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇವಳು ಹೋಗಿ ಬೆನ್ನು ಸವರಿ ಸಮಾಧಾನ ಮಾಡಿದಳು, ತುಳುವಿನಲ್ಲಿ.

ಜೂನ್ 21, ಶುಕ್ರವಾರ

ಪೊಸ್ತೊಯ್ನಾ ಗುಹೆ. 24 ಕಿಲೋಮೀಟರ್ ಉದ್ದ ಇದೆ, ನಮಗೆ ತೋರಿಸುವುದು ಐದು. ಅದರಲ್ಲಿ ಜಾಸ್ತಿ ಭಾಗ ಪುಟ್ಟ ರೈಲಿನಲ್ಲಿ. 1872ರಲ್ಲೇ ಗುಹೆಯೊಳಗೆ ಹಳಿ ಹಾಕಿದ್ದರು. ಒಳಗೆ ವರ್ಷವಿಡೀ ಹತ್ತು ಡಿಗ್ರಿ, ಸ್ವೆಟರ್ ಬೇಕು. ಕೊನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಓಲ್ಮ್ ಅನ್ನುವ ಜೀವಿ. ಅಲ್ಲಿಯವರು ಮನುಷ್ಯ ಮೀನು ಅನ್ನುತ್ತಾರೆ, ಮೈ ಬಣ್ಣ ಮನುಷ್ಯರ ಚರ್ಮದ ಹಾಗೆ ಇರುವುದಕ್ಕೆ. ಕಣ್ಣು ಕಾಣದು. ವರ್ಷಗಟ್ಟಲೆ ಊಟ ಇಲ್ಲದೆ ಇರಬಲ್ಲದು. ಉಳಿದ ದಿನ ಬಟ್ಟೆ ಒಗೆದೆವು, ಮಲಗಿದೆವು.

ಜೂನ್ 22 ಮತ್ತು 23

ವಾಪಸ್ ಕರವಾಂಕೆನ್ ಸುರಂಗಕ್ಕೆ ಬಂದರೆ ಶನಿವಾರದ ಉದ್ದ ಸಾಲು. ಒಂದು ಗಂಟೆ ನಿಂತೆವು. ಆಸ್ಟ್ರಿಯಾದವರು ಈ ಗಡಿಯಲ್ಲಿ 2015ರಿಂದ ತಪಾಸಣೆ ಇಟ್ಟುಕೊಂಡಿದ್ದಾರೆ. ಪಾಸ್‌ಪೋರ್ಟ್ ತಿರುವಿ ನೋಡಿ ಕಳಿಸಿದರು. ಟಾವರ್ನ್ ಸುರಂಗಗಳನ್ನು ದಾಟಿ ಸಾಲ್ಜ್‌ಬರ್ಗ್ ಸೇರಿದೆವು. ಮರುದಿನ ಬೆಳಿಗ್ಗೆ ಗೆಟ್ರೈಡೆಗಾಸೆ ಬೀದಿಯಲ್ಲಿ ಸಂಗೀತಗಾರ ಮೊಜಾರ್ಟ್ 1756ರಲ್ಲಿ ಹುಟ್ಟಿದ ಹಳದಿ ಮನೆ ನೋಡಿದೆವು. ಅವನು ನುಡಿಸಿದ ಪುಟಾಣಿ ಪಿಟೀಲಿನ ಎದುರು ಇವಳು ತುಂಬ ಹೊತ್ತು ನಿಂತಳು, ನಮ್ಮ ಮಗಳ ಮೊದಲ ಪಿಟೀಲು ಅಷ್ಟೇ ಇತ್ತು.

ಜರ್ಮನಿಗೆ ದಾಟುವಾಗಲೂ ತಪಾಸಣೆ. ಲೇನುಗಳನ್ನು ಕಿರಿದು ಮಾಡಿ ಪೊಲೀಸರು ಒಂದೊಂದೇ ಗಾಡಿಯೊಳಗೆ ಬಗ್ಗಿ ನೋಡುತ್ತಿದ್ದರು. ಮುಂದಿನ ವ್ಯಾನಿನವರನ್ನು ಪಕ್ಕಕ್ಕೆ ನಿಲ್ಲಿಸಿದರು. ಅದರಲ್ಲಿ ಒಬ್ಬ ತಾಯಿ, ಎರಡು ಮಕ್ಕಳು. ನಮ್ಮನ್ನು ಒಂದೇ ನಿಮಿಷದಲ್ಲಿ ಬಿಟ್ಟರು. ಇವಳು ಹಿಂದಕ್ಕೆ ತಿರುಗಿ ಆ ವ್ಯಾನನ್ನೇ ನೋಡುತ್ತಿದ್ದಳು. "ಬ್ರೆನ್ನರ್‌ನಲ್ಲಿ ಇಲ್ಲ, ಇಲ್ಲಿ ಇದೆ. ಬೇಕು ಅಂದಾಗ ವಾಪಸ್ ತರ್ತಾರೆ" ಅಂದಳು. ನಾನು ಏನೂ ಹೇಳಲಿಲ್ಲ.

ಸಂಜೆ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಕಾರು ಒಪ್ಪಿಸಿದೆವು. ಸುಮಾರು 1400 ಕಿಲೋಮೀಟರ್ ಓಡಿತ್ತು, ಒಂದು ಗೀರೂ ಇಲ್ಲ. ರಾತ್ರಿ ಹೋಟೆಲಿನಲ್ಲಿ ಟಿವಿ ಹಾಕಿದರೆ ಜರ್ಮನಿ-ಸ್ವಿಟ್ಜರ್‌ಲೆಂಡ್ ಪಂದ್ಯ, 92ನೇ ನಿಮಿಷದಲ್ಲಿ ಫ್ಯುಲ್‌ಕ್ರುಗ್ ತಲೆಯಲ್ಲಿ ಹೊಡೆದು ಜರ್ಮನಿಯನ್ನು ಉಳಿಸಿದ. ಕೆಳಗಿನ ಬೀದಿಯಿಂದ ಕೂಗು ಕೇಳಿಸಿತು. ಉಳಿದಿದ್ದ ಅಕ್ಕಿಯಷ್ಟನ್ನೂ ಇವಳು ಅನ್ನ ಮಾಡಿದಳು. ಚಟ್ನಿಪುಡಿ ಕಲಸಿಕೊಂಡು ತಿಂದೆವು.

ಮಲಗುವ ಮುಂಚೆ ಇವಳು ಓರ್ತಿಸೆಯಿಯ ಮೂರು ಹೆಸರಿನ ಬೋರ್ಡಿನ ಫೋಟೋವನ್ನು ಅಮ್ಮನಿಗೆ ಕಳಿಸಿದಳು, ಕೆಳಗೆ ವಿವರ ಬರೆದು. ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ಅಮ್ಮನ ವಾಯ್ಸ್ ಮೆಸೇಜ್ ಬಂದಿತ್ತು. ಹಿಂದೆ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು. ಆ ಮೂರನೇ ಭಾಷೆಯನ್ನು ಮಕ್ಕಳು ಓದಲು ಬರೆಯಲು ಕಲಿಯುತ್ತಾರಾ, ಬರೀ ಮಾತಾಡುತ್ತಾರಾ ಅಂತ ಕೇಳಿದ್ದರು. ಇವಳು ಬಸ್ಸಿಗೆ ಕಾಯುತ್ತಾ ಉತ್ತರ ಹೇಳಲು ಶುರು ಮಾಡಿದಳು, ವಿಮಾನ ನಿಲ್ದಾಣ ಬಂದರೂ ಮುಗಿದಿರಲಿಲ್ಲ.